ಹೆಸರು ಕೇಳಿದ ಕರಿಪರದೆ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿ ಮಿರ್ಚಿ ಕರಿಯುವ ಅಂಗಡಿಯ ಮುಂದೆ ನಿಂತು ನಾನು ಬೆರಳು ತೋರಿಸಿಬಿಟ್ಟೆ. ಬಾಯಲ್ಲಿ ಒಗ್ಗರಣೆ ಮಂಡಕ್ಕಿ ತುಂಬಿತ್ತು, ಬಾಣಲೆಯಿಂದ ಆಗಷ್ಟೇ ಎದ್ದ ಮೆಣಸಿನಕಾಯಿ ಕಣ್ಣೆದುರೇ ಸಿಡಿಯುತ್ತಿತ್ತು. "ಎನ್ನಿ ಅಮ್ಮಾ?" ಎಂದು ಅಂಗಡಿಯಾತ ಎಷ್ಟು ಬೇಕೆಂದು ತೆಲುಗಿನಲ್ಲಿ ಕೇಳಿದ. ಅದಕ್ಕೂ ಬೆರಳೇ ಎತ್ತಿದೆ. ಅವನು ಕಾಗದದಲ್ಲಿ ಸುತ್ತಿಕೊಟ್ಟ. ವ್ಯವಹಾರ ಮುಗಿಯಿತು. ನನ್ನ ಕಡೆಯಿಂದ ಒಂದು ಶಬ್ದವಿಲ್ಲ.

ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನಂತೂ ಬೆಚ್ಚಿಬಿದ್ದೆ. ಬೆರಳು ತೋರಿಸಿ ಕೇಳುವುದು ಮಾತು ಬಾರದ ಕೂಸಿನ ಲಕ್ಷಣ ಎಂದು ತುಂಬಿದ ಸಭೆಯಲ್ಲಿ ವಾದಿಸಿ, ಎದುರಾಳಿಯ ಬಾಯಿ ಮುಚ್ಚಿಸಿ, ಫಲಕ ಎತ್ತಿಕೊಂಡು ಬಂದವಳು ನಾನು. ಆ ಫಲಕ ಸಿರುಗುಪ್ಪದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಈಗಲೂ ಇದೆ. ಅವ್ವ ಅದರ ಹಿಂದೆ ಸೂಜಿದಾರ ಇಡುತ್ತಾಳೆ.

ಬೆರಳಿನ ಮೇಲೆ ನನ್ನ ಸಿಟ್ಟು ಹಳೆಯದು. ಸಿರುಗುಪ್ಪದ ಮನೆಯ ಹಿತ್ತಲಲ್ಲಿ ಕುಂಬಳದ ಬಳ್ಳಿ ಇತ್ತು. ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಕಂಡರೆ ನಾವು ಮಕ್ಕಳು ಅದನ್ನು ಬೆರಳಿಟ್ಟು ತೋರಿಸುವಂತಿರಲಿಲ್ಲ. ತೋರಿಸಿದರೆ ಕಾಯಿ ಕೊಳೆಯುತ್ತದೆ! ಅಪ್ಪಿತಪ್ಪಿ ತೋರಿಸಿದರೆ ಅಜ್ಜಿ ಅಡುಗೆಮನೆಯಿಂದಲೇ "ಬೆರಳು ಕಚ್ಕೋ, ಕಚ್ಕೋ!" ಎಂದು ಕೂಗುತ್ತ ಓಡಿಬರುತ್ತಿದ್ದಳು. ನಾನು ಒಂದು ದಿನ ಪರೀಕ್ಷೆಗೆಂದೇ ಬಳ್ಳಿಯ ಎಲ್ಲ ಕಾಯಿಗಳಿಗೂ ಎರಡೂ ಕೈಯಿಂದ ಬೆರಳು ತೋರಿಸಿ ಬಂದೆ. ಕೆಲವು ಕೊಳೆತವು, ಕೆಲವು ಬೆಳೆದವು. ಕೊಳೆತದ್ದು ನನ್ನ ಬೆರಳಿನಿಂದ, ಬೆಳೆದದ್ದು ತಾನು ದೇವರಿಗೆ ಕೈಮುಗಿದದ್ದರಿಂದ ಎಂದಳು ಅಜ್ಜಿ. ಇಂಥ ತರ್ಕಕ್ಕೆ ಉತ್ತರ ಹುಡುಕುತ್ತ ಹುಡುಕುತ್ತಲೇ ನಾನು ಚರ್ಚಾಸ್ಪರ್ಧೆಗಳ ಹುಡುಗಿಯಾದೆ. ಅಜ್ಜಿಯ ತರ್ಕಕ್ಕೆ ಮಾತ್ರ ನನಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಫಲಕ ತಂದುಕೊಟ್ಟ ಚರ್ಚೆ ನಡೆದದ್ದು ಸಿರುಗುಪ್ಪದಲ್ಲೇ, ನಾನು ಕಂಪ್ಯೂಟರ್ ಓದುತ್ತಿದ್ದಾಗ. ಜನಸಾಮಾನ್ಯರಿಗೆ ಚಿತ್ರದ ಪರದೆ ಮೇಲೋ, ಆಜ್ಞೆಯ ಸಾಲು ಮೇಲೋ ಎಂಬುದು ವಿಷಯ. ಚಿತ್ರದ ಪರದೆ ನಿಮಗೆಲ್ಲ ಗೊತ್ತು: ಪುಟ್ಟ ಪುಟ್ಟ ಚಿತ್ರಗಳು, ಮೌಸ್ ಹಿಡಿದು ಬಾಣವನ್ನು ಅವುಗಳ ಮೇಲೊಯ್ದು ಒತ್ತುವುದು. ಆಜ್ಞೆಯ ಸಾಲು ಅಂದರೆ ಕಪ್ಪು ಪರದೆ, ಮಿಣುಕುವ ಒಂದು ಗೀಟು. ಅಲ್ಲಿ ತೋರಿಸಲಿಕ್ಕೆ ಏನೂ ಇರುವುದಿಲ್ಲ. ಬೇಕಾದದ್ದನ್ನು ಹೆಸರು ಹಿಡಿದು ಬರೆದು ಕೇಳಬೇಕು. ಸರಿಯಾಗಿ ಬರೆದರೆ ಮಾಡುತ್ತದೆ, ಒಂದಕ್ಷರ ತಪ್ಪಿದರೆ ಮುಖ ತಿರುಗಿಸುತ್ತದೆ.

ನಾನು ಕರಿಪರದೆಯ ಪಕ್ಷ. "ಹೋಟೆಲಿನಲ್ಲಿ ಗಾಜಿನ ಪೆಟ್ಟಿಗೆಗೆ ಬೆರಳಿಟ್ಟು 'ಅದು ಕೊಡಿ' ಎನ್ನುವವನಿಗೆ ಪೆಟ್ಟಿಗೆಯಲ್ಲಿ ಇದ್ದದ್ದಷ್ಟೇ ಸಿಗುತ್ತದೆ. ಹೆಸರು ಬಲ್ಲವನು ಅಡುಗೆಮನೆಗೇ ಕೂಗಿ ಮಾಡಿಸಿಕೊಳ್ಳುತ್ತಾನೆ. ತೋರಿಸುವವನು ಗಿರಾಕಿ, ಹೆಸರು ಹೇಳುವವನು ಯಜಮಾನ" ಎಂದೆ. ಚಪ್ಪಾಳೆ ಬಿತ್ತು. ಬಳ್ಳಾರಿಯಿಂದ ಬಂದಿದ್ದ ಎದುರಾಳಿ, ಸಾಮಾನ್ಯ ಜನರಿಗೆ ಇಷ್ಟೊಂದು ಹೆಸರು ನೆನಪಿರುವುದಿಲ್ಲ ಎಂದ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರ ಕಡೆ ಕೈ ಚಾಚಿ, "ನಮ್ಮ ಮನೆಯ ಹೆಂಗಸರು ಹೆಸರಿಲ್ಲದೆಯೇ ಸಂಸಾರ ನಡೆಸುತ್ತಿದ್ದಾರೇನು?" ಎಂದು ಗುಡುಗಿದೆ. ಆ ಸಾಲಿಗೆ ಸಾಲೇ ಬಾಯಿಗೆ ಸೆರಗಿಟ್ಟು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಸೋದರತ್ತೆ ಗಂಗಮ್ಮ, ನನ್ನ ಚರ್ಚೆ ಕೇಳಲೆಂದೇ ಕುರುಗೋಡಿನಿಂದ ಬಂದಿದ್ದವಳು. ಎಂಥ ಏಟು ಕೊಟ್ಟೆ ನೋಡಿ ಎಂದು ನಾನು ಉಬ್ಬಿದೆ. ಅವರು ಯಾಕೆ ನಕ್ಕರು ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು.

ಗಂಗತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್ ಪ್ಯಾಂಟುಗಳು ಎಲ್ಲೆಲ್ಲಿಗೋ ಹೋಗುತ್ತವೆ. ಆ ಪ್ಯಾಂಟುಗಳ ಹಿಂದಿನ ಜೇಬಿನ ಮೇಲೆ ದಾರದಲ್ಲಿ ಬಳ್ಳಿ, ರೆಕ್ಕೆ, ಅಲೆ ಎಂದು ಏನೇನೋ ಗೆರೆ ಇರುತ್ತವಲ್ಲ, ಅವನ್ನು ಬರೆಯುವವಳು ಈಕೆ. ಮೊದಲು ಬಳ್ಳಾರಿಯಿಂದ ಬರುವ ಪ್ಯಾಂಟಿನ ಗಂಟುಗಳ ಮುಂದೆ ಕೂತು ಹೆಚ್ಚಿಗೆ ದಾರ ಕತ್ತರಿಸುತ್ತಿದ್ದಳು. ನೀಲಿ ಬಣ್ಣ ಉಗುರಿನ ಸಂದಿಗೆ ಇಳಿದು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಕತ್ತರಿಸುತ್ತ ಕತ್ತರಿಸುತ್ತ ಗೆರೆಗಳನ್ನು ನೋಡಿ, "ಇದಕ್ಕಿಂತ ಛಲೋ ನಾ ಬರಿತೀನಿ" ಎಂದಳು. ಬರೆದಳು. ಈಗ ಮನೆಯಲ್ಲೇ ಒಂದು ಕಸೂತಿ ಮಷಿನ್ನು, ಅದಕ್ಕೊಂದು ಹಳೆಯ ಕಂಪ್ಯೂಟರು.

ಆ ಕಂಪ್ಯೂಟರನ್ನು ಸಜ್ಜು ಮಾಡಿಕೊಟ್ಟವಳು ನಾನೇ. ಬಳ್ಳಾರಿಯಲ್ಲಿ ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುವವಳು ನಾನು. ಮನೆಮಂದಿಗೆ ಬಿಟ್ಟಿ ರಿಪೇರಿಯವಳು. ಬಳಸುವವರ ಹೆಸರು ಏನು ಹಾಕಲಿ ಎಂದು ಅಂದು ಕೇಳಿದಾಗ ಮಾವ ಹಿಂದುಮುಂದು ನೋಡಲಿಲ್ಲ. "ಮನಿ ನನ್ನ ಹೆಸರಿಗೈತಿ, ಕರೆಂಟ್ ಬಿಲ್ ನನ್ನ ಹೆಸರಿಗೈತಿ, ಇದೂ ನನ್ನ ಹೆಸರಿಗೇ ಇರ್ಲಿ ಬಿಡವಾ" ಎಂದರು. ಮಾವನ ಹೆಸರು ದೊಡ್ಡಬಸಪ್ಪ. ಕುರುಗೋಡಿನಲ್ಲಿ ದೊಡ್ಡ ಬಸವಣ್ಣನ ಗುಡಿ ಇರುವುದರಿಂದ ಯಾವ ಓಣಿಯಲ್ಲಿ ಕೂಗಿದರೂ ಒಬ್ಬ ದೊಡ್ಡಬಸಪ್ಪ ಓ ಎನ್ನುತ್ತಾನೆ. ಹಾಗಾಗಿ ನಿಜವಾದ ಹೆಸರು ಬರೆದೆನೆಂದು ಯಾರೂ ಗಾಬರಿಯಾಗಬೇಡಿ. ಪರದೆಯ ಮೇಲೆ ಮಾವನ ಮೀಸೆಯ ಫೋಟೋ ಇಟ್ಟೆ. ಅತ್ತೆ ದಿನಾ ಬೆಳಿಗ್ಗೆ ಆ ಮೀಸೆಯ ಮೇಲೆ ಬಾಣ ಇಟ್ಟು ಒತ್ತಿ, ತನ್ನ ಗುಟ್ಟಿನ ಪದ, ಅಂದರೆ ಪಾಸ್‌ವರ್ಡ್, ಬರೆದರೆ ಕೆಲಸ ಶುರು. ಆ ಗುಟ್ಟಿನ ಪದವನ್ನು ಅತ್ತೆಯೇ ಇಟ್ಟುಕೊಳ್ಳಲಿ ಎಂದು ನಾನು ನಿಯಮದ ಪ್ರಕಾರ ಗೋಡೆಯ ಕಡೆ ತಿರುಗಿ ನಿಂತಿದ್ದೆ.

"ಚಂದ್ರೀ, ಇದಕ್ಕ ಬಲ ಇಲ್ಲಂತ ಹೇಳಾಕತ್ತೈತಿ ನೋಡಲೇ" ಎಂದಿದ್ದಳು ಅತ್ತೆ.

"ಸುಲಭದ ಪದ ಇಟ್ಟಿರ್ತಿ. ಬ್ಯಾರೆ ಇಡು."

"ಬ್ಯಾರೆ ಯಾಕ? ಬಲ ಇಲ್ಲಂತ! ಇದಕ್ಕೇನ್ ಗೊತ್ತೈತಿ, ಬಾಯಿಗೆ ಬಂದಂಗ ಅನ್ನಾಕ" ಎಂದು ಕಂಪ್ಯೂಟರಿಗೇ ಬೈದು ಮುಂದಕ್ಕೆ ಒತ್ತಿದ್ದಳು.

ಇನ್ನು ಆ ಕಂಪ್ಯೂಟರು ಕೈಕೊಟ್ಟ ದಿನದ ಕಥೆ. ಬೆಳಿಗ್ಗೆ ನಾನು ಪಾಠಕ್ಕೆ ಹೊರಡುವ ಹೊತ್ತಿಗೆ ಅತ್ತೆಯ ಫೋನು.

"ಲೇ ಚಂದ್ರೀ, ಕಂಪ್ಯೂಟರ್ ಸತ್ತೈತಲೇ!"

ರಾತ್ರಿ ಕರೆಂಟು ಹೋಗಿ ಬಂದು ಮಾಡಿತ್ತಂತೆ. ಮಾವ ಕೆಲಸ ಮಾಡುವುದು ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ. ಊರಿಗೆಲ್ಲ ಕರೆಂಟು ಹುಟ್ಟಿಸಿಕೊಡುವವರ ಮನೆಯಲ್ಲೇ ಕರೆಂಟಿನ ಈ ಚೆಲ್ಲಾಟ. ಆ ದಿನ ಮಾವ ಬೆಳಗಿನ ಪಾಳಿಗೆ ಹೋಗಿಯಾಗಿತ್ತು, ಒಳಗೆ ಫೋನು ಒಯ್ಯುವಂತಿಲ್ಲ. ಮಗಳು ಲೀಲಾ ದೇಶನೂರಿನ ಗಂಡನ ಮನೆಯಲ್ಲಿ. ಮನೆಯಲ್ಲಿ ಅತ್ತೆ ಒಬ್ಬಳೇ.

"ಸತ್ತಿಲ್ಲ, ತಡಿ. ಪರದಿ ಮ್ಯಾಲ ಏನ್ ಕಾಣತೈತಿ?"

"ಎಲ್ಲಾ ಕರ್ರಗ. ನಿಮ್ಮ ಮಾವಾರ ಚಿತ್ರ ಇಲ್ಲ, ಏನಿಲ್ಲ. ಮೂಲ್ಯಾಗ ನಾಕ್ ಬಿಳೇ ಅಕ್ಷರ, ಲಾಗಿನ್ ಅಂತ. ಬಾಜೂಕ ಒಂದ್ ಗೀಟು ಮಿಣಕ್ ಮಿಣಕ್ ಅನ್ನಾಕತ್ತೈತಿ. ಇವತ್ತೇ ಹಿಂಗಾಗಬೇಕೇನ? ಮಧ್ಯಾಹ್ನ ಸಾಹುಕಾರ್ರಿಗೆ ಗೆರಿ ತೋರಸಬೇಕಲ್ಲಲೇ!"

ಸಾಹುಕಾರರು ಅಂದರೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು. ಹೊಸ ಹಂಗಾಮಿನ ಜೇಬಿನ ಗೆರೆಗಳನ್ನು ಅವರು ಆ ಮಧ್ಯಾಹ್ನವೇ ಆರಿಸುವವರಿದ್ದರು. ಹೊರಗಿನಿಂದ ಸಿದ್ಧ ಗೆರೆಗಳನ್ನು ತಂದುಕೊಡುವ ಇನ್ನೊಬ್ಬನೂ ಬರುವವನಿದ್ದ. ಅತ್ತೆಯ ಗೆರೆಗಳೆಲ್ಲ ಆ ಕಪ್ಪು ಪರದೆಯ ಹಿಂದೆ ಸಿಕ್ಕಿಕೊಂಡಿದ್ದವು. ಅವು ಹೊರಗೆ ಬಾರದಿದ್ದರೆ ಕೆಲಸ ಅವನ ಪಾಲು. "ಮತ್ತ ದಾರ ಕತ್ತರಸಾಕ ಕುಂಡ್ರೋದ ನಾನು" ಎಂದಳು ಅತ್ತೆ. ಅವಳ ದನಿ ಹಾಗೆ ಇಳಿದದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

ನನಗಾದರೋ, ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿ. ಚಿತ್ರದ ಪರದೆ ಕೈಕೊಟ್ಟಿದೆ, ಕರಿಪರದೆ ಗಟ್ಟಿಯಾಗಿ ನಿಂತಿದೆ! ನನ್ನ ಫಲಕದ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? "ಅತ್ತಿ, ಏನೂ ಆಗಿಲ್ಲ. ಚಿತ್ರ ಅಷ್ಟ ಹೋಗೈತಿ, ಒಳಗ ಎಲ್ಲಾ ಹಂಗೇ ಐತಿ. ಆ ಗೀಟಿನ ಮುಂದ ಮಾವನ ಹೆಸರು ಹೊಡಿ, ಇಂಗ್ಲಿಷ್ ಸಣ್ಣಕ್ಷರದಾಗ. ಆಮ್ಯಾಲ ನಿನ್ನ ಗುಟ್ಟಿನ ಪದ. ಮುಂದಿಂದು ನಾ ಒಂದೊಂದ ಹೇಳಿ ಪೆನ್‌ಡ್ರೈವಿಗೆ ಹಾಕಸ್ತೀನಿ."

ಅತ್ತ ಕಡೆಯಿಂದ ಕೀಲಿ ಒತ್ತುವ ಸದ್ದು.

"ತಪ್ಪು ಅಂತೈತಿ."

"ಮತ್ತ ಹೊಡಿ."

"ಮತ್ತ ತಪ್ಪು ಅಂತೈತಿ."

ದೊಡ್ಡಕ್ಷರದ ಕೀಲಿ ಒತ್ತಿಹೋಗಿದೆಯೇ ನೋಡಿಸಿದೆ. ಕೀಲಿಮಣೆಯ ವೈರು ಕೀಳಿಸಿ ಮತ್ತೆ ಸಿಕ್ಕಿಸಿದೆ. ಪುನಃ ಶುರು ಮಾಡಿಸಿದೆ. ಕರಿಪರದೆ ಪ್ರತಿ ಸಲವೂ ಮುಖ ತಿರುಗಿಸಿತು. ಡಿಸ್ಕೇ ಕೆಟ್ಟಿರಬಹುದು ಎಂದುಕೊಂಡೆ. ಕೊನೆಗೆ, "ಅತ್ತಿ, ಲಾಗಿನ್ ಮುಂದ ನೀ ಹೊಡದದ್ದು ಏನು ಮೂಡೇತಿ, ಒಂದೊಂದ ಅಕ್ಷರ ಓದು" ಎಂದೆ.

"ಯಾಕ? ನೀ ಹೇಳಿದ್ದ ಹೊಡದೀನಿ."

"ಓದು ಅಂದ್ನೆಲ್ಲ."

ಗಂಟಲು ಸರಿಮಾಡಿಕೊಂಡ ಸದ್ದು. "ಎ… ವಿ… ಎ… ಆರ್… ಯು."

ನಾನು ಕೂಡಿಸಿ ಓದಿಕೊಂಡೆ. ಅವರು. ಕಂಪ್ಯೂಟರು ಹೆಸರು ಕೇಳಿದರೆ ನನ್ನ ಅತ್ತೆ 'ಅವರು' ಎಂದು ಬರೆದಿದ್ದಾಳೆ!

"ಅದಕ್ಕಿಂತ ಮುಂಚೆ ಏನ್ ಹೊಡದಿದ್ದಿ?"

"ಲೀಲಾನಪ್ಪ ಅಂತ. ಅದಕ್ಕೂ ಮುಂಚೆ ಮನಿಯವರು ಅಂತ. ಓಣ್ಯಾಗ ಯಾರ ಕೇಳಿದ್ರೂ ಅಷ್ಟ ಅಂದ್ರ ತಿಳಿತೈತಿ. ಇದಕ್ಕ ತಿಳಿಯಂಗಿಲ್ಲ ಅಂದ್ರ ನಾ ಏನ್ ಮಾಡ್ಲಿ?"

ಗಂಡನ ಹೆಸರು ಹೇಳಬಾರದು ಎಂಬ ಪದ್ಧತಿ ನಮ್ಮ ಕಡೆ ಇದೆಯೆಂದು ನನಗೇನು ಗೊತ್ತಿಲ್ಲವೇ? ಅಜ್ಜಿ ಹೇಳುತ್ತಿರಲಿಲ್ಲ. ಆದರೆ ಅದು ಅಜ್ಜಿಯ ಜೊತೆಗೆ ಹೋಯಿತೆಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಗೆರೆ ಬರೆಯುವ, ಸಾಹುಕಾರರ ಜೊತೆ ಉರ್ದುವಿನಲ್ಲಿ ಚೌಕಾಸಿ ಮಾಡುವ ನನ್ನ ಅತ್ತೆ? ಆಗ ಒಂದೊಂದೇ ನೆನಪಾಗತೊಡಗಿತು. ಅತ್ತೆ ಊರಿನ ಗುಡಿಗೆ 'ಹಿರೇ ಗುಡಿ' ಎನ್ನುತ್ತಾಳೆ, ದೊಡ್ಡ ಬಸವಣ್ಣನ ಗುಡಿ ಎಂದದ್ದು ಕೇಳಿಲ್ಲ. ದೊಡ್ಡಪಾತ್ರೆ ಅವಳಿಗೆ ಹಿರೇ ಪಾತ್ರೆ. ಬಸಳೆ ಸೊಪ್ಪು 'ಬಳ್ಳಿ ಸೊಪ್ಪು'. ಇದೆಲ್ಲ ಕುರುಗೋಡಿನ ಮಾತಿನ ಧಾಟಿ ಎಂದುಕೊಂಡು ಇಷ್ಟು ವರ್ಷ ಆ ಮನೆಯಲ್ಲಿ ಊಟ ಮಾಡಿದ್ದೆ!

ನಾನು ವಾದಕ್ಕಿಳಿದೆ. ಇಳಿಯದೆ ಇರಲು ನನಗೆ ಬರುವುದಿಲ್ಲ.

"ಅತ್ತಿ, ಬಾಯ್ಲೆ ಹೇಳಬ್ಯಾಡ. ಬರಿ ಅಷ್ಟ. ಬರಿಯೋದು ಹೇಳಿದಂಗ ಅಲ್ಲ."

"ಬರಿಯೋದು ಇನ್ನೂ ಕೆಟ್ಟ. ಬಾಯಾಗಿಂದು ಗಾಳಿಗೆ ಹೋಗತೈತಿ. ಬರದದ್ದು ಕುಂತಿರತೈತಿ."

"ಆಧಾರ ಕಾರ್ಡಿನಾಗ ಗಂಡನ ಹೆಸರು ಇಲ್ಲೇನ?"

"ಅದನ್ನ ನಾ ಬರದೀನೇನ? ಸರಕಾರದವರು ಬರದಾರ. ನಾ ಬರೇ ಬೆರಳು ಇಟ್ಟು ತೋರಸ್ತೀನಿ."

"ದಿನಾ ಮುಂಜಾನಿ ಮಾವನ ಮೀಸಿ ಮ್ಯಾಲ ಒತ್ತತಿ, ಅದು ನಡಿತೈತೇನ?"

"ಅದು ಚಿತ್ರಲೇ. ಚಿತ್ರ ಒತ್ತಬಾರದು ಅಂತ ಯಾರ ಹೇಳ್ಯಾರ?"

"ಹೆಸರು ಹೇಳಿದ್ರ ಏನಾಗತೈತಿ? ಆಯುಷ್ಯ ಕಮ್ಮಿ ಆಗತೈತಿ ಅಂತ ನಂಬತಿ ಏನ?"

"ನಂಬಂಗಿಲ್ಲ."

"ಮತ್ತ?"

"ನಂಬಂಗಿಲ್ಲ ಅಂತ ಹೇಳಿ ನೋಡಾಕ, ಇದು ನಿನ್ನ ಕುಂಬಳಕಾಯಿ ಅಲ್ಲ."

ಎಷ್ಟೋ ವೇದಿಕೆ ಹತ್ತಿಳಿದಿದ್ದೇನೆ, ಇಷ್ಟು ಚೊಕ್ಕವಾಗಿ ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. "ಪಕ್ಕದ ಮನೀ ಸರೋಜಕ್ಕನ್ನ ಕರಕೊಂಡು ಬಂದು ಹೊಡಸು" ಎಂದೆ. ಓಣಿಯವರೆಲ್ಲ ನಾಟಿಗೆ ಹೋಗಿದ್ದರು. ಇದ್ದ ಒಬ್ಬ ಮುದುಕಿಗೆ ಇಂಗ್ಲಿಷ್ ಬಾರದು. ಅದಕ್ಕಿಂತ ಹೆಚ್ಚಾಗಿ ಅವಳ ಗಂಡನ ಹೆಸರೂ ದೊಡ್ಡಬಸಪ್ಪ! ನಾನು ಪಾಠಕ್ಕೆ ರಜೆ ಹೇಳಿ ಸ್ಕೂಟರು ಹತ್ತಿದೆ.

ಕುರುಗೋಡಿನ ದಾರಿಯುದ್ದಕ್ಕೂ ನನ್ನ ಜೊತೆ ನಾನೇ ಜಗಳವಾಡಿದೆ. ಸಿಟ್ಟು ಅತ್ತೆಯ ಮೇಲಲ್ಲ. ಹೆಂಗಸರ ಬಾಯಿಗೆ ಬೀಗ ಹಾಕಿದ ಈ ಪದ್ಧತಿಯ ಮೇಲೆ. ಮಾವ ಅವಳನ್ನು ಓಣಿಗೆ ಕೇಳುವಂತೆ "ಗಂಗೀ" ಎಂದು ಕೂಗಬಹುದು, ಇವಳು ಮಾತ್ರ ಕೂಗುವಂತಿಲ್ಲ. ಈ ಮಾತನ್ನು ಈಗಲೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಇನ್ನೊಂದು ಯೋಚನೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಬೆನ್ನು ತಿವಿಯುತ್ತಿತ್ತು. ಹೆಸರಿಲ್ಲದೆ ಸಂಸಾರ ನಡೆಸುತ್ತಾರೇನು ಎಂದು ಗುಡುಗಿದ್ದೆನಲ್ಲ. ನಡೆಸುತ್ತಾರೆ! ಆ ಮುಂದಿನ ಸಾಲಿನಲ್ಲಿ ಕೂತವರೆಲ್ಲ ಅದನ್ನೇ ಮಾಡುತ್ತಿದ್ದರು. ತೋರಿಸಿ, ಕೆಮ್ಮಿ, ಬಳೆ ಸದ್ದು ಮಾಡಿ, "ಚಹಾ ಆರತೈತಿ ಅಂತ ಹೇಳು ಅವರಿಗೆ" ಎಂದು ಮಕ್ಕಳ ಮೂಲಕ ಹೇಳಿಸಿ. ನನ್ನ ಗೆಲುವಿನ ವಾಕ್ಯಕ್ಕೆ ಅವರು ನಕ್ಕದ್ದು ಮೆಚ್ಚಿ ಅಲ್ಲ. ಸಾಕ್ಷಿಯನ್ನೇ ತಪ್ಪಾಗಿ ಕರೆದ ವಕೀಲಳನ್ನು ನೋಡಿ.

ಈ ಬೀಗಕ್ಕೆ ಒಂದು ಕಳ್ಳಕೀಲಿ ಮದುವೆಮನೆಯಲ್ಲಿ ಸಿಗುತ್ತದೆ, ನಿಮಗೂ ಗೊತ್ತು. ಒಡಪು. ಹೆಸರನ್ನು ಪ್ರಾಸದ ಸೆರಗಿನಲ್ಲಿ ಸುತ್ತಿ ಹೇಳುವುದು. ನನ್ನ ಅವ್ವ ಈಗಲೂ ಒತ್ತಾಯಿಸಿದರೆ "ತುಂಗಭದ್ರಿ ಮ್ಯಾಲ ತೇಲತೈತಿ ತೆಪ್ಪ, ದಂಡಿಗಿ ನಿಂತು ಕಾಯ್ತಾರ ನಮ್ಮನಿ ಮಲ್ಲಪ್ಪ" ಎಂದು ಒಂದೇ ಉಸಿರಿಗೆ ಅಂದು ಕೆಂಪಾಗುತ್ತಾಳೆ. ಅದು ಬರೀ ಮದುವೆಮನೆಯ ಆಟವೆಂದೇ ನಾನು ತಿಳಿದಿದ್ದೆ. ಗಂಗತ್ತೆ ಮಾತ್ರ ತನ್ನ ಮದುವೆಯಲ್ಲಿ ಒಡಪನ್ನೂ ಹೇಳಲಿಲ್ಲವಂತೆ. ಗಂಡಿನ ಕಡೆಯವರು ಬಾಗಿಲಿಗೆ ಅಡ್ಡ ನಿಂತು ಗೋಳುಹೊಯ್ದುಕೊಂಡರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೇ ಹೊರತು ಬಾಯಿ ಬಿಡಲಿಲ್ಲ. ಮಾವ ಇದನ್ನು ಇಂದಿಗೂ ಊಟದ ಹೊತ್ತಿಗೆ ಎತ್ತಿ ಆಡುತ್ತಾರೆ: "ನಿಮ್ಮತ್ತಿ ಬಾಯ್ಲೆ ನನ್ನ ಹೆಸರು ಕೇಳಿಲ್ಲ ನೋಡವಾ ನಾನು. ನನಗ ಹೆಸರೈತೋ ಇಲ್ಲೋ ಅಂತ ಡೌಟು."

ನಾನು ಹೋಗಿ ನೋಡಿದರೆ ಅತ್ತೆ ಸೀರೆ ಬದಲಿಸಿ, ತಲೆ ಬಾಚಿ, ಬಳ್ಳಾರಿಗೆ ಹೊರಡಲು ಸಿದ್ಧಳಾಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕರಿಪರದೆ. ಮಿಣುಕುವ ಗೀಟು. ಅದು ಪಟ್ಟು ಬಿಟ್ಟಿಲ್ಲ, ಇವಳೂ ಬಿಟ್ಟಿಲ್ಲ.

"ಬಂದ್ಲು ನೋಡು ವಾದದ ಗೌಡ್ತಿ. ಚಹಾ ಕುಡಿತಿ?"

"ಸಾಹುಕಾರ್ರು ಕಾಯಂಗಿಲ್ಲ. ಸರಿ ಆಕಡೆ."

ಹೆಸರು ಹೊಡೆದೆ. ಆ ಕೀಲಿಮಣೆಯಲ್ಲಿ ಡಿ ಕೀಲಿಯ ಸಂದಿಗೆ ಮಷಿನ್ನಿನ ಎಣ್ಣೆ, ದಾರದ ಧೂಳು ಎಲ್ಲ ಸೇರಿ ಒತ್ತಿದರೆ ಕಿರ್ ಎನ್ನುತ್ತಿತ್ತು. ದೊಡ್ಡಬಸಪ್ಪ ಎಂದು ಇಂಗ್ಲಿಷಿನಲ್ಲಿ ಬರೆಯಲು ಡಿ ಮೂರು ಸಲ ಬೇಕು. ಕಿರ್, ಒಂದು ಟಕ್, ಮತ್ತೆ ಕಿರ್ ಕಿರ್. ಆಮೇಲಿನದೆಲ್ಲ ಟಕಟಕ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಹೆಸರು ನಿಂತಿತು. ಅತ್ತೆ ಮುಖ ಆಚೆ ತಿರುಗಿಸಿದಳು. ಆಮೇಲೆ, ನಾನು ನೋಡುತ್ತಿಲ್ಲ ಎಂದುಕೊಂಡು, ಮೆಲ್ಲಗೆ ತಿರುಗಿ ಆ ಬಿಳಿ ಅಕ್ಷರಗಳನ್ನು ಒಮ್ಮೆ ನೋಡಿದಳು.

ಕೆಳಗಿನ ಸಾಲಿನಲ್ಲಿ ಪರದೆ ಗುಟ್ಟಿನ ಪದ ಕೇಳಿತು.

"ಇದು ನಿಂದು. ನೀ ಹೊಡಿ" ಎಂದು ಎದ್ದು, ಮೊದಲಿನಂತೆಯೇ ಗೋಡೆಯ ಕಡೆ ತಿರುಗಿ ನಿಂತೆ. ಅತ್ತೆ ಕೂತಳು. ಬಳೆ ಸರಿಸಿಕೊಂಡಳು. ನನಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣುತ್ತಿತ್ತು, ಹಿಂದಿನಿಂದ ಸದ್ದು ಕೇಳುತ್ತಿತ್ತು.

ಕಿರ್. ಟಕ್. ಕಿರ್ ಕಿರ್. ಆಮೇಲಿನದೆಲ್ಲ ಟಕಟಕ.

ಅದೇ ತಾಳ! ಈಗಷ್ಟೇ ನನ್ನ ಬೆರಳುಗಳಿಂದ ಹೊರಟ ತಾಳ. ಕಂಪ್ಯೂಟರ್ ಕಲಿಸುವವಳಾಗಿ ಮೊದಲು ಹೌಹಾರಿದೆ. ಬಳಸುವವರ ಹೆಸರನ್ನೇ ಗುಟ್ಟಿನ ಪದವಾಗಿ ಇಡುವುದಕ್ಕಿಂತ ದೊಡ್ಡ ಮೂರ್ಖತನ ಇಲ್ಲ ಎಂದು ನಾನು ಪ್ರತಿ ತಂಡಕ್ಕೂ ಪಾಠ ಹೇಳುತ್ತೇನೆ. ಬಲ ಇಲ್ಲ ಎಂದು ಕಂಪ್ಯೂಟರು ಅಂದದ್ದು ಇದಕ್ಕೇ. ಆಮೇಲೆ ಎರಡನೆಯದು ಹೊಡೆಯಿತು, ಅದು ಬೇರೆ ತೆರನಾದ ಹೊಡೆತ. ಬೆಳಿಗ್ಗೆಯಿಂದ ಕೆಲಸ ಕೈಬಿಟ್ಟು ಹೋಗಲಿ, ದಾರ ಕತ್ತರಿಸಲು ಕೂರಲಿ, ಆ ಹೆಸರು ಬರೆಯುವುದಿಲ್ಲ ಎಂದು ಕೂತವಳು ಅದನ್ನು ದಿನಾ ಬೆಳಿಗ್ಗೆ ಬರೆಯುತ್ತಿದ್ದಾಳೆ!

ತಿರುಗಿದೆ. ಕರಿಪರದೆ ಒಪ್ಪಿಕೊಂಡಿತ್ತು. ಗೀಟು ಆಜ್ಞೆಗಾಗಿ ಕಾಯುತ್ತಿತ್ತು. ನನ್ನ ಮುಖ ನೋಡಿ ಅತ್ತೆಗೆ ಗೊತ್ತಾಯಿತು. ಸೆರಗು ಬಾಯಿಗೆ ಹೋಯಿತು.

"ಅತ್ತೀ! ಬರಿಯಂಗಿಲ್ಲ ಅಂದೆಲ್ಲ?"

"ಇಲ್ಲಿ ಕಾಣಂಗಿಲ್ಲಲ್ಲಲೇ."

"ಕಾಣದಿದ್ರ ಏನಾತು, ಬರದಂಗ ಅಲ್ಲೇನ?"

"ಆ ಚಿತ್ರದ ಪರದ್ಯಾಗ ಚುಕ್ಕಿ ಬೀಳತಾವ, ಇದರಾಗ ಅದೂ ಇಲ್ಲ. ಯಾರಿಗೂ ಕೇಳಂಗಿಲ್ಲ, ಯಾರಿಗೂ ಕಾಣಂಗಿಲ್ಲ. ಒಮ್ಮಿ ಅವರ ಹೆಸರು ತಗೊಂಡು ಕೆಲಸ ಹಚ್ಚತೀನಿ. ನೀ ಇದನ್ನೂ ವಾದ ಮಾಡಬ್ಯಾಡ."

ಮಾಡಲಿಲ್ಲ. ಮಾಡಲು ನನ್ನ ಬಳಿ ಎರಡೂ ಪಕ್ಷ ಉಳಿದಿರಲಿಲ್ಲ. ಚಿತ್ರದ ಪರದೆ ಅವಳಿಗೆ ತೋರಿಸುವ ಸ್ವಾತಂತ್ರ್ಯ ಕೊಟ್ಟಿತ್ತು, ಸರಿ. ಆದರೆ ಅವಳು ಜೀವಮಾನದಲ್ಲಿ ಆ ಹೆಸರನ್ನು ತಾನಾಗಿ ಹಿಡಿದದ್ದು ಬರೆಯುವ ಸಾಲಿನಲ್ಲಿ, ಅಕ್ಷರ ಅಕ್ಷರವಾಗಿ. ಇದನ್ನು ಯಾವ ಪಕ್ಷದ ಅಂಕಕ್ಕೆ ಸೇರಿಸಲಿ? ಆ ದಿನದ ತೀರ್ಪುಗಾರರು ಇದ್ದಿದ್ದರೆ ಫಲಕ ವಾಪಸು ಕೇಳುತ್ತಿದ್ದರೋ ಏನೋ.

ಮುಂದಿನದು ಸಲೀಸು. ಗೆರೆಗಳು ಪೆನ್‌ಡ್ರೈವಿಗೆ ಬಂದವು, ಅತ್ತೆ ನನ್ನ ಸ್ಕೂಟರಿನ ಹಿಂದೆ ಕೂತಳು. ಬಳ್ಳಾರಿಯಲ್ಲಿ ಸಾಹುಕಾರರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಇನ್ನೊಬ್ಬ ಆಗಲೇ ತನ್ನ ಹದ್ದು, ತಲೆಬುರುಡೆಗಳನ್ನು ತೋರಿಸಿ ಕೂತಿದ್ದ. ಅತ್ತೆಯ ಗೆರೆಗಳನ್ನು ಸಾಹುಕಾರರು ಒಂದೊಂದಾಗಿ ಸರಿಸುತ್ತ ಒಂದರ ಮುಂದೆ ನಿಂತರು. ಬಹಳ ಸರಳ ಗೆರೆ. ಒಂದು ಏರು, ಒಂದು ದುಂಡು, ಆಮೇಲೆ ಉದ್ದಕ್ಕೆ ಇಳಿಜಾರು.

"ಯೇ ಕ್ಯಾ ಹೈ, ಗಂಗಮ್ಮ? ಗುಡ್ಡಾನಾ?"

"ಗೆರಿ ರೀ ಸಾಹುಕಾರ್ರ. ಬರೇ ಗೆರಿ."

"ಅಚ್ಛಾ ಐತಿ. ಇದೇ ಹಾಕೋಣ."

ಗುಡ್ಡವಂತೆ! ಕುರುಗೋಡಿನಲ್ಲಿ ಹುಟ್ಟದ ನನಗೂ ಗುರುತು ಸಿಕ್ಕಿತು: ಹಿರೇ ಗುಡಿಯೊಳಗೆ ಕಾಲು ಮಡಚಿ ಕೂತ ಕಲ್ಲಿನ ನಂದಿ, ಆ ದೊಡ್ಡ ಬಸವಣ್ಣನ ಭುಜ, ಬೆನ್ನು. ಈಗ ಬಳ್ಳಾರಿಯ ಬೀದಿಯಲ್ಲಿ ಯಾರಾದರೂ ಹೊಸ ಜೀನ್ಸ್ ತೊಟ್ಟು ಮುಂದೆ ನಡೆದರೆ ನಾನು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತೇನೆ. ಜೇಬು ನೋಡುವ ಹುಡುಗಿ ಎಂದು ಹೆಸರು ಬಂದರೆ ಕಷ್ಟ.

ಮುಂದಿನ ಭಾನುವಾರ ಹೋಗಿ ಚಿತ್ರದ ಪರದೆಯನ್ನು ಸರಿಮಾಡಿಕೊಟ್ಟೆ. ಮಾವನ ಮೀಸೆ ಮತ್ತೆ ಬಂತು. ನಿನ್ನ ಹೆಸರಿನಲ್ಲೇ ಬೇರೆ ಖಾತೆ ತೆರೆದುಕೊಡುತ್ತೇನೆ ಎಂದೆ, ಅತ್ತೆ ಒಲ್ಲೆ ಎಂದಳು. ಗುಟ್ಟಿನ ಪದವನ್ನಾದರೂ ಬದಲಿಸೋಣ, ಇದಕ್ಕೆ ಬಲವಿಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಅಷ್ಟರಲ್ಲಿ ಮಾವ ಬಂದು ಕಂಪ್ಯೂಟರಿನ ಮುಂದೆ ಕೂತರು. ಅವರಿಗೆ ಕ್ರಿಕೆಟ್ ನೋಡಬೇಕಿತ್ತು. ಕ್ರಿಕೆಟ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ಓದುವುದಿಲ್ಲ ಎಂಬ ಧೈರ್ಯದಿಂದಲೇ ನಾನು ಇದನ್ನು ಬರೆಯುತ್ತಿರುವುದು.

"ನೋಡವಾ ಚಂದ್ರೀ, ಕಂಪ್ಯೂಟರ್ ನನ್ನ ಹೆಸರಿಂದು, ಮೀಸಿ ನಂದು, ತೆಗಿಯಾಕ ನನಗ ಬರಂಗಿಲ್ಲ. ಏನ್ ಇಟ್ಟಾಳ ನಿಮ್ಮತ್ತಿ ಗುಟ್ಟು? ನಿನಗ ಗೊತ್ತೈತಿ, ನಿನ್ನ ಮುಖಾನೇ ಹೇಳತೈತಿ. ಹೇಳಿಬಿಡು."

ವಾದದಲ್ಲಿ ನನ್ನ ಕೈಗೆ ಸಿಕ್ಕ ಅತ್ಯಂತ ಗಟ್ಟಿ ಪುರಾವೆ ನಾಲಿಗೆಯ ತುದಿಯಲ್ಲಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನೀವ ಹುಡುಕ್ರಿ ಮಾವ" ಎಂದೆ.

"ಹುಡುಕಿ ಹುಡುಕಿ ಸಾಕಾಗೇತಿ. ಮಗಳ ಹೆಸರು ಹಾಕಿನಿ, ಆಕಿ ತವರುಮನಿ ಹೆಸರು ಹಾಕಿನಿ, ಎಮ್ಮಿ ಹೆಸರು ಸೈತ ಹಾಕಿನಿ. ತಡಿ, ಆಕಿ ಅವ್ವನ ಹೆಸರು ನೋಡತೀನಿ."

"ಚಂದ್ರೀ, ಚಹಾ ಆರತೈತಿ ಅಂತ ಹೇಳವಾ ಅವರಿಗೆ" ಎಂದಳು ಅತ್ತೆ ಒಳಗಿನಿಂದ.

ಮಾವ ಎರಡು ಬೆರಳಿನಲ್ಲಿ ಹೆಸರುಗಳನ್ನು ಒಂದಾದ ಮೇಲೊಂದು ಹೊಡೆಯುತ್ತ ಹೋದರು. ನಾನು ಕಿವಿಗೊಟ್ಟು ಕೂತಿದ್ದೆ. ಟಕಟಕ, ಟಕಟಕ. ಚಹಾ ಆರಿತು, ಆಟ ಮುಗಿಯುತ್ತ ಬಂತು. ಡಿ ಕೀಲಿ ಒಂದು ಸಲವೂ ಕಿರ್ ಎನ್ನಲಿಲ್ಲ.